ಸ್ಪಾರ್ಟಾದ ಹುಡುಗರಿಗೆ ಏಳು ವರ್ಷಕ್ಕೇ ಈಟಿ ಹಿಡಿಸುತ್ತಿದ್ದರೇ?

ಪ್ರಶ್ನೆ:
ಪ್ರಾಚೀನ ಗ್ರೀಸಿನ ಸ್ಪಾರ್ಟಾದಲ್ಲಿ ಗಂಡುಮಕ್ಕಳನ್ನು 7ನೇ ವಯಸ್ಸಿಗೆ ಮನೆ ಬಿಡಿಸಿ ಆಯುಧ ಕೊಡುತ್ತಿದ್ದರು ಅಂತ ಓದಿದ್ದೇನೆ. ಗರಡಿಮನೆಯ ಹಾಗೆ ದಿನವಿಡೀ ವರಸೆಯೇ? ಕದಿಯುವುದನ್ನು ಕಲಿಸಿದ್ದೇಕೆ? ಬಲಹೀನ ಶಿಶುಗಳನ್ನು ಬೆಟ್ಟದಿಂದ ಎಸೆಯುತ್ತಿದ್ದದ್ದು ನಿಜವೇ?

ಉತ್ತರ 1:
ಮನೆ ಬಿಡಿಸುತ್ತಿದ್ದರು, ಸರಿ. ಆದರೆ ಸ್ಪಾರ್ಟಾವನ್ನು ಹತ್ತಿರದಿಂದ ಕಂಡಿದ್ದ ಅಥೆನ್ಸಿನ ಲೇಖಕ ಸೆನೊಫನ್ ಈ ಶಿಕ್ಷಣವನ್ನು ವಿವರಿಸುವಾಗ ಆಯುಧದ ಮಾತು ಬರುವುದಿಲ್ಲ. ಅವನು ಹೇಳುವುದು ಹಸಿವು, ಚಳಿ, ವಿಧೇಯತೆ. ಮಕ್ಕಳ ಮೇಲೆ 'ಪೈಡೊನೊಮೊಸ್' ಎಂಬ ಅಧಿಕಾರಿ, ಅವನ ಜೊತೆ ಚಾಟಿ ಹಿಡಿದ ತರುಣರು. ಅವನಿಲ್ಲದಾಗ ಯಾವ ನಾಗರಿಕ ಬೇಕಾದರೂ ದಂಡಿಸಬಹುದು. ಕಾಲಿಗೆ ಮೆಟ್ಟಿಲ್ಲ, ವರ್ಷಕ್ಕೆ ಒಂದೇ ಮೇಲುಹೊದಿಕೆ. ಹಾಸಿಗೆಗೆ ಯೂರೋಟಾಸ್ ನದಿಯ ಜೊಂಡನ್ನು ಚಾಕು ಮುಟ್ಟದೆ ಬರಿಗೈಯಲ್ಲೇ ಮುರಿದು ತರಬೇಕಿತ್ತು ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಸೇರಿಸುತ್ತಾನೆ. ಊಟವಾದ ಮೇಲೆ 20ರ ವಯಸ್ಸಿನ ಮುಂದಾಳು "ಊರಲ್ಲಿ ಉತ್ತಮನಾರು?" ಅಂತ ಕೇಳುತ್ತಾನೆ. ಉತ್ತರ ಚುಟುಕಾಗಿ, ಕಾರಣ ಸಮೇತ ಬರಬೇಕು. ತಡವರಿಸಿದವನ ಹೆಬ್ಬೆರಳನ್ನು ಕಚ್ಚುತ್ತಿದ್ದರು.

ಕಳ್ಳತನಕ್ಕೆ ಕಾರಣ ಸರಳ: ಹೊಟ್ಟೆ ತುಂಬದಷ್ಟೇ ಅನ್ನ. ಕದಿಯುವವನು ರಾತ್ರಿ ನಿದ್ದೆಗೆಡಬೇಕು, ಹಗಲು ಹೊಂಚು ಹಾಕಬೇಕು, ಗೂಢಚಾರರನ್ನು ಇಡಬೇಕು. ಯುದ್ಧಕ್ಕೆ ಬೇಕಾದದ್ದೂ ಅದೇ. ಏಟು ಬೀಳುತ್ತಿದ್ದದ್ದು ಕದ್ದದ್ದಕ್ಕಲ್ಲ, ಸಿಕ್ಕಿಬಿದ್ದದ್ದಕ್ಕೆ.

ಉತ್ತರ 2:
ದಯವಿಟ್ಟು ಕಾಲಗಳನ್ನು ಬೆರೆಸಬೇಡಿ. ಸೆನೊಫನ್ ಕ್ರಿ.ಪೂ. 4ನೇ ಶತಮಾನದವನು, ಪ್ಲುಟಾರ್ಕ್ ಬರೆದದ್ದು ಸುಮಾರು ಕ್ರಿ.ಶ. 100ರಲ್ಲಿ. ಸ್ಪಾರ್ಟಾದ ಆರ್ಟೆಮಿಸ್ ಆರ್ಥಿಯಾ ದೇವತೆಯ ಗುಡಿಯಲ್ಲಿ ಮೊದಲಿಗಿದ್ದದ್ದು ಬಲಿಪೀಠದ ಗಿಣ್ಣು ಕದಿಯುವ ಪಂದ್ಯ; ಕದಿಯಲು ಬಂದವರಿಗೆ ಚಾಟಿ. ರೋಮನ್ನರ ಕಾಲಕ್ಕೆ ಚಾಟಿ ತಡೆದುಕೊಳ್ಳುವುದೇ ಸ್ಪರ್ಧೆಯಾಯಿತು, ಕ್ರಿ.ಶ. 3ನೇ ಶತಮಾನದಲ್ಲಿ ಪ್ರೇಕ್ಷಕರಿಗೆಂದು ಕಲ್ಲಿನ ಆಸನಗಳೂ ಎದ್ದವು. ಜನ ಇಂದು 'ಸ್ಪಾರ್ಟಾದ ಶಿಕ್ಷಣ' ಅಂತ ನೆನೆಯುವ ಎಷ್ಟೋ ಚಿತ್ರ ಈ ತಡವಾದ ಪ್ರದರ್ಶನದ್ದೇ.

ಶಿಶುಗಳ ವಿಷಯ ಪ್ಲುಟಾರ್ಕ್ ಒಬ್ಬನದೇ ಮಾತು. ಅವನೂ ಟೈಗೆಟೋಸ್ ಬೆಟ್ಟದ ಬಳಿಯ 'ಅಪೋಥೆಟೈ' ಎಂಬಲ್ಲಿಗೆ ಕಳಿಸುತ್ತಿದ್ದರು ಅಂತಾನೆ, ಎಸೆದರು ಅನ್ನುವುದಿಲ್ಲ. ಅಗೆಸಿಲಾಸ್ ಕುಂಟನಾಗಿದ್ದರೂ ಈ ಶಿಕ್ಷಣ ಮುಗಿಸಿ ರಾಜನಾದ ಅಂತ ಬರೆದವನೂ ಅವನೇ. ಪಟ್ಟದ ಹಕ್ಕುದಾರನಿಗೆ ಈ ಶಿಕ್ಷಣದಿಂದ ವಿನಾಯಿತಿಯಿತ್ತು. ಅಗೆಸಿಲಾಸ್ ಆಗ ಹಕ್ಕುದಾರನಾಗಿರಲಿಲ್ಲ.

ಉತ್ತರ 3:
ಚಾಟಿಗಿಂತ ಗಟ್ಟಿ ಪರೀಕ್ಷೆ ಊಟದ ಪಂಕ್ತಿಯದು. 20ರ ಆಸುಪಾಸಿನಲ್ಲಿ ಸುಮಾರು 15 ಜನರ ಪಂಕ್ತಿಗೆ ಸೇರಬೇಕು. ಆಳು ತಲೆಯ ಮೇಲೆ ಪಾತ್ರೆ ಹೊತ್ತು ಬರುತ್ತಾನೆ, ಪ್ರತಿಯೊಬ್ಬನೂ ಅದಕ್ಕೆ ರೊಟ್ಟಿಯ ಉಂಡೆ ಹಾಕುತ್ತಾನೆ. ಬೇಡ ಅನ್ನುವವನು ಉಂಡೆಯನ್ನು ಹಿಸುಕಿ ಹಾಕುತ್ತಾನೆ. ಅಂಥದ್ದು ಒಂದೇ ಸಿಕ್ಕರೂ ಹುಡುಗನಿಗೆ ಜಾಗವಿಲ್ಲ.

ಸೇರಿದ ಮೇಲೆ ತಿಂಗಳ ವಂತಿಗೆ: ಒಂದು ಮೆದಿಮ್ನೋಸ್ ಬಾರ್ಲಿ ಹಿಟ್ಟು (ಅಥೆನ್ಸಿನ ಅಳತೆಯಲ್ಲೇ 50 ಲೀಟರಿಗೂ ಮೇಲೆ), ಸುಮಾರು 25 ಲೀಟರ್ ದ್ರಾಕ್ಷಾರಸ, ಎರಡು ಕೆಜಿ ಮೀರಿದ ಗಿಣ್ಣು, ಅದರರ್ಧ ಅಂಜೂರ. ಕೊಡಲಾಗದವನ ಪೂರ್ಣ ಪೌರತ್ವ ಹೋಯಿತು, ಎಷ್ಟೇ ಶೂರನಾಗಿರಲಿ. ಭೂಮಿ ಕೆಲವರ ಕೈ ಸೇರಿದಂತೆ ಪಂಕ್ತಿಗಳು ಬರಿದಾದವು. ಇತಿಹಾಸಕಾರ ಹೆರೊಡೋಟಸ್ ಕ್ರಿ.ಪೂ. 480ಕ್ಕೆ 8,000 ಸ್ಪಾರ್ಟನ್ನರನ್ನು ಎಣಿಸುತ್ತಾನೆ. ಕ್ರಿ.ಪೂ. 371ರಲ್ಲಿ ಥೀಬ್ಸ್ ವಿರುದ್ಧ ಸೋತ ಲ್ಯೂಕ್ಟ್ರಾ ಕಾಳಗದ ಕಣದಲ್ಲಿದ್ದ ಪೂರ್ಣ ಪೌರರು 700, ಅವರಲ್ಲಿ ಸತ್ತವರು 400. ಆ ಪೆಟ್ಟಿನಿಂದ ಸ್ಪಾರ್ಟಾ ಏಳಲೇ ಇಲ್ಲ.

ಆ ಬಾರ್ಲಿ ಬೆಳೆದ ಜೀತದಾಳುಗಳಾದ ಹೆಲೋಟರನ್ನು ಮರೆತು ಈ ಶಿಕ್ಷಣವನ್ನು ಹೊಗಳುವುದು ಅನ್ಯಾಯ. ಸ್ಪಾರ್ಟಾದ ಉನ್ನತ ಅಧಿಕಾರಿಗಳಾದ ಎಫೋರರು ವರ್ಷ ವರ್ಷ ಅವರ ಮೇಲೆ ಯುದ್ಧ ಸಾರುತ್ತಿದ್ದರು, ಕೊಂದರೂ ದೋಷ ತಟ್ಟದಿರಲಿ ಅಂತ. ಆಯ್ದ ಯುವಕರು ಕಠಾರಿ, ತುಸು ಬುತ್ತಿ ಹಿಡಿದು ಹಗಲು ಅವಿತು, ರಾತ್ರಿ ದಾರಿಯಲ್ಲಿ ಸಿಕ್ಕ ಹೆಲೋಟರನ್ನು ಕೊಲ್ಲುತ್ತಿದ್ದರು. ಹೊಂಚು ಹಾಕುವ ಆ ವಿದ್ಯೆಯನ್ನು ಅವರು ಕಲಿತದ್ದು ಹುಡುಗರಾಗಿದ್ದಾಗ, ಗಿಣ್ಣು ಕದಿಯುತ್ತಾ.