ಕಫ್ ಎಲೆಕ್ಟ್ರೋಡಿನ ನರಸಂಕೇತದಲ್ಲಿ ಕರೆಂಟಿನ ಗದ್ದಲ: ಫಿಲ್ಟರ್ ಸಾಕೇ?

ಪ್ರಶ್ನೆ (ಎಂ.ಟೆಕ್ ವಿದ್ಯಾರ್ಥಿನಿ, ರಾಯಚೂರು)
ಮಾನ್ಯರೇ, ನರದ ಸುತ್ತ ತೊಡಿಸುವ ಕಫ್ ಎಲೆಕ್ಟ್ರೋಡನ್ನು ಪ್ರಾಣಿಯ ದೇಹದೊಳಗೆ ಕೂರಿಸುವ ಮುನ್ನ ಉಪ್ಪುನೀರಿನ ತಟ್ಟೆಯಲ್ಲಿ ಪರೀಕ್ಷಿಸುತ್ತಿದ್ದೇನೆ. ಪ್ರಯೋಗಾಲಯದ ಹಿಂದಿರುವ ಅಕ್ಕಿ ಗಿರಣಿಯ ಮೋಟಾರುಗಳು ಚಾಲೂ ಆದೊಡನೆ, ಕೆಲವೇ ಮೈಕ್ರೋವೋಲ್ಟಿನ ನನ್ನ ಪರೀಕ್ಷಾ ಸಂಕೇತ ಗದ್ದಲದಲ್ಲಿ (ಬೇಡದ ವಿದ್ಯುತ್ ಸಂಕೇತದಲ್ಲಿ) ಕಾಣದಾಗುತ್ತದೆ. ಕರೆಂಟಿನ ಆವರ್ತನವಾದ 50 ಹರ್ಟ್ಸನ್ನಷ್ಟೇ ತೆಗೆಯುವ ನಾಚ್ ಫಿಲ್ಟರ್ ಹಾಕಿದರೂ ಪ್ರಯೋಜನವಾಗಿಲ್ಲ. ಇನ್ನೂ ಬಿಗಿಯಾದ ಫಿಲ್ಟರ್ ಬೇಕೇ?

ಉತ್ತರ (ವೈದ್ಯಕೀಯ ಉಪಕರಣಗಳ ಎಂಜಿನಿಯರ್, ಬಳ್ಳಾರಿ)
ಬೇಡ ಮೇಡಂ. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳು 150, 250 ಹರ್ಟ್ಸ್‌ಗಳಲ್ಲಷ್ಟೇ ಅಲ್ಲ, ಹಲವು ಕಿಲೋಹರ್ಟ್ಸ್‌ವರೆಗೂ ಗದ್ದಲ ಎಬ್ಬಿಸುತ್ತವೆ. ನರಸಂಕೇತದ ಮುಖ್ಯ ಭಾಗವೂ 1 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲೇ ಇರುವುದರಿಂದ ಫಿಲ್ಟರ್ ಎರಡನ್ನೂ ಬೇರ್ಪಡಿಸಲಾರದು.

ಮೊದಲು ಎಲೆಕ್ಟ್ರೋಡುಗಳ ಇಂಪೀಡೆನ್ಸ್ (ಪರ್ಯಾಯ ವಿದ್ಯುತ್ತಿಗೆ ಅವು ಒಡ್ಡುವ ತಡೆ) ನೋಡಿ. ಎರಡೂ ತಂತಿಗಳ ಮೇಲೆ ಸಮನಾಗಿ 100 ಮಿಲಿವೋಲ್ಟ್ ಗದ್ದಲ ಬಿದ್ದಿದೆ, ಆಂಪ್ಲಿಫೈಯರಿನ ಒಳಪ್ರತಿರೋಧ 10 ಮೆಗಾಓಮ್ ಇದೆ ಎಂದುಕೊಳ್ಳೋಣ. ಎಲೆಕ್ಟ್ರೋಡುಗಳ ನಡುವೆ 10 ಕಿಲೋಓಮ್ ವ್ಯತ್ಯಾಸವಿದ್ದರೂ ಸುಮಾರು 100 ಮೈಕ್ರೋವೋಲ್ಟ್ ಗದ್ದಲ ಸಂಕೇತದ ವೇಷ ತೊಟ್ಟು ಒಳನುಗ್ಗುತ್ತದೆ. ಒಳಪ್ರತಿರೋಧ ಇಷ್ಟೇ ಇದ್ದರೆ, ಆಂಪ್ಲಿಫೈಯರ್ ಎಷ್ಟೇ ದುಬಾರಿಯದಾದರೂ ಇದನ್ನು ತಡೆಯಲಾರದು.

ಕಫ್‌ನಲ್ಲಿ ಮೂರು ಎಲೆಕ್ಟ್ರೋಡ್ ಉಂಗುರಗಳಿದ್ದರೆ, ತುದಿಯ ಎರಡನ್ನೂ ಒಟ್ಟುಗೂಡಿಸಿ ನಡುವಿನದರೊಡನೆ ಹೋಲಿಸಿ. ಹೊರಗಿನಿಂದ ಬಂದ ವಿಭವವು (ವೋಲ್ಟೇಜು) ಕಫ್‌ನ ಅವಾಹಕ ಕೊಳವೆಯೊಳಗೆ ಬಹುಮಟ್ಟಿಗೆ ಸರಳರೇಖೆಯಂತೆ ಬದಲಾಗುವುದರಿಂದ, ನಡುವಿನ ಮೌಲ್ಯ ತುದಿಗಳ ಸರಾಸರಿಗೆ ಸಮನಾಗಿ ಗದ್ದಲ ವಜಾ ಆಗುತ್ತದೆ; ನರದೊಳಗೆ ಹರಿಯುವ ಸಂಕೇತ ಮಾತ್ರ ಉಳಿಯುತ್ತದೆ.

ಉತ್ತರ (ಪಾಲಿಟೆಕ್ನಿಕ್ ಉಪನ್ಯಾಸಕ, ಕೊಪ್ಪಳ)
ಮೇಲಿನ ಮಾತು ಸರಿ. ಆದರೆ ಅದಕ್ಕೂ ಮೊದಲು ಆಂಪ್ಲಿಫೈಯರನ್ನು ಬ್ಯಾಟರಿಯಲ್ಲಿ ನಡೆಸಿ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ತಟ್ಟೆ, ಲೋಹದ ಪೆಟ್ಟಿಗೆ ಮತ್ತು ಕೇಬಲಿನ ಕವಚ ಮೂರನ್ನೂ ಒಂದೇ ಬಿಂದುವಿನಲ್ಲಿ ಅರ್ತ್ ಮಾಡಿ. ಎರಡು ಕಡೆ ಅರ್ತ್ ಆಗಿದ್ದರೆ ಆ ತಂತಿಗಳ ಸುತ್ತೇ ಗದ್ದಲ ಹಿಡಿಯುವ ಸುರುಳಿಯಾಗುತ್ತದೆ.

ಪ್ರಶ್ನಿಸಿದವರು
ವಂದನೆಗಳು ಸರ್. ತಟ್ಟೆಯಲ್ಲಿ ಗದ್ದಲ ತಗ್ಗಿದರೆ ದೇಹದೊಳಗೂ ಅಷ್ಟೇ ತಗ್ಗೀತೇ?

ಉತ್ತರ (ಬಳ್ಳಾರಿ)
ಹಾಗೆ ಹೇಳಲಾಗದು. ಅಲ್ಲಿ ಗಿರಣಿಗಿಂತ ಪಕ್ಕದ ಸ್ನಾಯುವೇ ಜೋರು. ಅದರ ಸಂಕೇತ ಮಿಲಿವೋಲ್ಟುಗಳಲ್ಲಿರುತ್ತದೆ. ಅದರ ಬಹುಪಾಲು 500 ಹರ್ಟ್ಸ್‌ಗಿಂತ ಕೆಳಗಿರುವುದರಿಂದ ಫಿಲ್ಟರಿಗೆ ನಿಜವಾದ ಕೆಲಸ ಸಿಗುವುದು ಅಲ್ಲಿಯೇ. ಕಫ್ ಸುತ್ತ ಅಂಗಾಂಶ ಬೆಳೆದಂತೆ ತುದಿಯ ಉಂಗುರಗಳ ಇಂಪೀಡೆನ್ಸ್ ಅಸಮವಾಗುವುದುಂಟು. ಆದ್ದರಿಂದ ಪ್ರತಿ ದಾಖಲೆಗೂ ಮುನ್ನ 1 ಕಿಲೋಹರ್ಟ್ಸ್‌ನಲ್ಲಿ ಅದನ್ನು ಅಳೆದು ಬರೆದಿಡಿ.