ಪೈಲಟ್‌ಹೌಸ್ ಇರೋ ಹಾಯಿ-ಮೋಟರ್ ದೋಣಿ ಮಾಡಿಸೋದೈತಿ: ಅನುಭವ ಇದ್ದವರು ಹೇಳ್ರಿ

ಟಿಳಕವಾಡಿ_ಇಂಜಿನಿಯರ್:
ನಮಸ್ಕಾರ. ಬೆಳಗಾವಿಯವ, ಮರ್ಚಂಟ್ ನೇವಿ ನೌಕರಿ ಮುಗಿಸಿ ಬಂದೀನಿ. 34 ಅಡಿ ಉಕ್ಕಿನ ಮೋಟರ್‌ಸೇಲರ್. ಹಲ್ (ದೋಣಿ ಮೈ) ಇಲ್ಲೇ ಉದ್ಯಮಬಾಗದಾಗ ವೆಲ್ಡ್ ಮಾಡ್ಸಿ ಗೋವಾಕ್ಕ ಒಯ್ಯೂ ವಿಚಾರ. ಪೈಲಟ್‌ಹೌಸ್ (ಒಳಗ ಕುಂತು ದೋಣಿ ನಡ್ಸೋ ಕೋಣಿ) ಎಷ್ಟು ಎತ್ತರ ಇಡಬೇಕು, ಎಂಜಿನ್ ಎಷ್ಟು ಎಚ್‌ಪಿ ಸಾಕು? ಓಡಿಸೋರು ನಾನು, ನಮ್ಮ ಮನಿಯವ್ರು ಇಬ್ಬರs. ನನಗ ಮೊಣಕಾಲು ನೋವೈತಿ, ಬಿಸಿಲಾಗ ಹೊರಗ ಕುಂದ್ರಾಕ ಆಗೂದಿಲ್ಲ.

ನಿಪ್ಪಾಣಿ_ನಾವಿಕ:
ಸಾಹೇಬ್ರ, ಎತ್ತರ ಆಮ್ಯಾಲ, ಮೊದ್ಲ ಅಗಲ ಅಳೀರಿ. ನಂದು 36 ಅಡಿ ಉದ್ದ, 11 ಅಡಿ ಅಗಲ. ರಸ್ತೆ ಮ್ಯಾಲ ಗಾಡಿಗೆ ಕಾನೂನು ಕೊಡೂದು 2.6 ಮೀಟರ್, ಎಂಟೂವರಿ ಅಡಿ. ಮೀರಿದ್ರ ಓ.ಡಿ.ಸಿ. (ಅಳತಿ ಮೀರಿದ ಸರಕಿನ) ಪರ್ಮಿಟ್ ಬೇಕು. ಚೋರ್ಲಾ ಘಾಟ್ ನೋಡಿ ಬಂದ ಟ್ರೇಲರ್ ಡ್ರೈವರ್ ಕೈ ಎತ್ತಿದ. ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಅಂಕೋಲಾ, ಕಾರವಾರದ ಮ್ಯಾಲ ಸುತ್ತು ಹಾಕಿಸ್ದೆ. ಲೋ-ಬೆಡ್ ಟ್ರೇಲರಿಗೆ 1,85,000. ಕ್ರೇನ್ ಈ ಕಡೆ 26,000, ಆ ಕಡೆ 38,000, ಯಾಕಂದ್ರ ಅಲ್ಲಿ ಭರತಿ ಬರೋತನಕ ಕ್ರೇನ್ ಸುಮ್ಮನ ನಿಂತಿತ್ತು, ಮೀಟರ್ ಓಡಿತ್ತು. ಲೈಟಿನ ತಂತಿ ಎತ್ತಾಕ ಬಿದಿರಿನ ಗಳ ಹಿಡಿದ ಇಬ್ಬರು ಹುಡುಗ್ರು, ಅವರ ಊಟ, ಪಗಾರ ಬ್ಯಾರೆ.

ಇಷ್ಟಾದ್ರೂ ಪೈಲಟ್‌ಹೌಸ್ ಎತ್ತರ ಜಾಸ್ತಿ ಅಂತ ಊರು ಬಿಡೂಕಿಂತ ಮೊದ್ಲ ಗ್ಯಾಸ್ ಕಟ್ಟರ್ ಹಾಕಿ ಕೊಯ್ಯಬೇಕಾತು. ಬೋಲ್ಟ್ ಮ್ಯಾಲ ಕೂಡ್ಸಪಾ, ಬಿಚ್ಚಾಕ ಬರ್ಲಿ ಅಂತ ಶೆಡ್ಡಿನವಗ ಬಡ್ಕೊಂಡಿದ್ದೆ, ಕೇಳ್ಲಿಲ್ಲ. ದಂಡಿಗೆ ಹೋಗಿ ಮತ್ತ ಬೆಸೆದಾಗ ಚೌಕಟ್ಟು ಸೊಟ್ಟ. ಮುಂದಿನ ಬಲಗಡೆ ಗಾಜು ಮ್ಯಾಲಿನ ಮೂಲ್ಯಾಗ ಬೆರಳು ಹೋಗುವಷ್ಟು ಸಂದಿ ಬಿಡ್ತು. ಮೂರು ಸರ್ತಿ ಸೀಲಂಟ್, ಒಂದು ಟ್ಯೂಬಿಗೆ 900. ಇವತ್ತಿಗೂ ತೆರಿ ಬಡದ್ರ ಚಾರ್ಟ್ ಇಡೋ ಮೇಜಿನ ಮ್ಯಾಲ ನೀರು.

ಬಾಗಲಕೋಟಿ_ಹಿನ್ನೀರು:
ಅದಕ್ಕs ಹೇಳೂದು, ಫೈಬರ್ ಮಾಡಸ್ರಿ. ನಂದು 28 ಅಡಿ ಫೈಬರ್, ಆಲಮಟ್ಟಿ ಹಿನ್ನೀರಿನಾಗ ಐತಿ. ಎಲ್ಲಾರೂ ನಕ್ಕಿದ್ರು. ಕೀಲ್ ಕೂಲಿಂಗ್ ಹಾಕ್ಸೀನಿ: ಎಂಜಿನ್ನಿನ ನೀರು ದೋಣಿ ತಳದ ಪೈಪಿನಾಗs ಸುತ್ತತೈತಿ, ಹೊರಗಿನ ನೀರು ಒಳಗ ಬರೂದs ಇಲ್ಲ. ಮಳಿಗಾಲದಾಗ ಕೃಷ್ಣಾ ಕೆಂಪು ರಾಡಿ ಹೊತ್ಕೊಂಡು ಬರತಾಳ, ಹೊರಗಿನ ನೀರು ಸೋಸೂ ಸ್ಟ್ರೇನರ್ ಇಟ್ಟವ್ರು ದಿನಾ ತೊಳೀತಾರ. ನಾ ಚಾ ಕುಡೀತೀನಿ. ಪೈಪು, ಬ್ರೇಜಿಂಗ್, ಹೆಡರ್ ಟ್ಯಾಂಕ್ ಸೇರಿ 41,500 ಆತು.

ಡ್ರಾಫ್ಟ್ (ದೋಣಿ ನೀರಾಗ ಇಳಿಯೂ ಆಳ) ಎರಡು ಅಡಿ ಮ್ಯಾಲ ಬ್ಯಾಡ್ರಿ. ನೀರು ಇಳಿದ್ರ ಕೆಳಗ ಹಳೇ ಊರಿನ ಗ್ವಾಡಿ, ಜಾಲಿ ಗಿಡದ ಬಡ್ಡಿ ಅದಾವು. ಮಾಸ್ಟ್ (ಹಾಯಿ ಕಂಬ) ಬುಡಕ್ಕ ಮಡಚೂ ಕೀಲು ಹಾಕ್ಸೀನಿ, ಕೊಲ್ಹಾರದ ಸೇತುವಿ ಹತ್ರ ಬಂದ್ರ ಮಲಗಿಸ್ತೀನಿ. ನಿಮಗೂ ಪಣಜಿಯಾಗ ಮಾಂಡೋವಿ ಸೇತುವಿ ಇದಾವಲ್ಲ.

ಶಹಾಪುರ_ಮರದೋಣಿ:
ಸಿಹಿನೀರಿನ ಕೆರ್ಯಾಗ ತೇಲೋರು ಸಮುದ್ರದ ಬಗ್ಗೆ ಬುದ್ಧಿ ಹೇಳಾಕತ್ತಾರ. ನಂದು ಮಾಲವಣದಾಗ ಕಟ್ಟಿಸಿದ್ದು, ಸಾಗವಾನಿ ಹಲಗಿ, ತಾಮ್ರದ ರಿವೆಟ್. ಪೈಲಟ್‌ಹೌಸ್ ಒಳಗ ಆರು ಅಡಿ ಎರಡು ಇಂಚು ಇಟ್ಟೀನಿ, ಆದ್ರ ನೆಲ ಇಳಿಸಿ, ಮಾಳಿಗಿ ಏರಿಸಿ ಅಲ್ಲ. ಮಾಳಿಗಿ ಏರಿದ್ರ ಬೂಮ್ (ಹಾಯಿ ಕೆಳಗಿನ ಅಡ್ಡ ಗಳ) ಏರತೈತಿ, ಹಾಯಿ ಮ್ಯಾಲೆ ಹೋಗತೈತಿ, ದೋಣಿ ವಾಲತೈತಿ. ನಿಪ್ಪಾಣಿಯವ್ರು ಉಕ್ಕಿನ ಗುಡಿ ಕಟ್ಟಿ ತಲಿ ಮ್ಯಾಲ ಹೊತ್ತಾರ. 3 ಮಿಲಿ ಪ್ಲೇಟ್ ಅಂದ್ರೂ ಚದರ ಮೀಟರಿಗೆ 23 ಕೆಜಿ ಮ್ಯಾಲ. ಆ ಭಾರ ಸರಿದೂಗ್ಸಾಕ ತಳಕ್ಕ ಸೀಸ ಎಷ್ಟು ಸುರಿದ್ರಿ, ಅದನ್ನೂ ಬರೀರಿ.

ಗಾಜು ಮಾತ್ರ ಟ್ರಾಲರಿನಂಗ ಮ್ಯಾಲಿನ ಅಂಚು ಮುಂದಕ್ಕ ಬಾಗ್ಸ್ರಿ. ಹಿಂದಕ್ಕ ಬಾಗಿದ ಗಾಜು ಚಂದ ಕಾಣತೈತಿ, ಮಧ್ಯಾಹ್ನ ಒಳಗ ರೊಟ್ಟಿ ಬೇಯತೈತಿ.

ನಿಪ್ಪಾಣಿ_ನಾವಿಕ:
ಸೀಸ 1,100 ಕೆಜಿ. ಬಚ್ಚಿಟ್ಟಿಲ್ಲ. ನಿಮ್ಮ ಸಾಗವಾನಿಗೆ ವರ್ಷಾ ಹಲಗಿ ಸಂದಿಗೆ ಹತ್ತಿ ತುಂಬ್ಸಾಕ ಎಷ್ಟು ಕೊಡ್ತೀರಿ, ನೀವೂ ಬರೀರಿ.

ಶಹಾಪುರ_ಮರದೋಣಿ:
ಕೊಡ್ತೀನಿ. ಅದು ನನ್ನ ರೊಕ್ಕ.

ವಿಜಯಪುರ_ಡೀಸೆಲ್:
ಹಾಯಿ ಯಾಕ್ರೀ ಬೇಕು? ನಾನು ಎರಡೂ ಇಟ್ಟುಕೊಂಡು ನೋಡಿದವ. ಕೊಂಕಣದ ದಂಡೆಯಲ್ಲಿ ನವೆಂಬರ್‌ನಿಂದ ಮುಂದೆ ಮಧ್ಯಾಹ್ನ ಗಾಳಿ ವಾಯವ್ಯದಿಂದ ಬೀಸುತ್ತದೆ. ಗೋವಾದಿಂದ ರತ್ನಾಗಿರಿ ಕಡೆ ಹೊರಟರೆ ಅದು ನೇರ ಮುಖಕ್ಕೆ. ಪೈಲಟ್‌ಹೌಸ್ ಇರುವ ದೋಣಿ ಹಾಯಿಯ ಮೇಲೆ ಗಾಳಿಗೆ ಎದುರಾಗಿ ಸರಿಯಾಗಿ ಸಾಗುವುದಿಲ್ಲ, ಆ ಗೋಡೆಯೇ ಹಿಂದಕ್ಕೆ ತಳ್ಳುತ್ತದೆ. ಹಾಯಿ, ಮಾಸ್ಟ್, ರಿಗ್ಗಿಂಗ್ (ಹಗ್ಗ-ತಂತಿ) ಸೇರಿ 6,40,000 ಕೊಟ್ಟೆ. ಉಪಯೋಗಕ್ಕೆ ಬಂದದ್ದು ದಕ್ಷಿಣಕ್ಕೆ ಬರುವಾಗ ಮಾತ್ರ. ಆಮೇಲೆ 75 ಎಚ್‌ಪಿ ಟ್ರ್ಯಾಕ್ಟರ್ ಎಂಜಿನ್ ಕೂರಿಸಿದೆ, ನೆಮ್ಮದಿ.

ಶಹಾಪುರ_ಮರದೋಣಿ:
75 ಎಚ್‌ಪಿ ಹಾಕಿ ಎಷ್ಟು ಓಡ್ತು? ನೀರಿನ ಗೆರಿ ಉದ್ದ (ದೋಣಿ ನೀರಿಗೆ ತಾಗೂ ಉದ್ದ) 30 ಅಡಿ ಇದ್ರ ವರ್ಗಮೂಲಕ್ಕ 1.34 ಗುಣಸ್ರಿ, 7.3 ನಾಟ್. ಇಂಥಾ ಭಾರದ ಹಲ್ ಅದರ ಮ್ಯಾಲ ಓಡೂದಿಲ್ಲ. ಡೀಸೆಲ್ ಸುಟ್ಟು ಹಿಂದ ತೆರಿ ಎಬ್ಬಿಸಿದ್ದಷ್ಟs. 10 ಟನ್ನಿಗೆ 50 ಎಚ್‌ಪಿ ಹೇರಳ. ರಿಡಕ್ಷನ್ ಗೇರ್ ಹಾಕಿ ದೊಡ್ಡ ಪ್ರೊಪೆಲರ್ ನಿಧಾನ ತಿರುಗಸ್ರಿ.

ವಿಜಯಪುರ_ಡೀಸೆಲ್:
ಸೂತ್ರ ನನಗೂ ಗೊತ್ತು ಸ್ವಾಮಿ. ಮುಖಕ್ಕೆ ತೆರೆ ಹೊಡೆಯುವಾಗ ಉಳಿದ 25 ಎಚ್‌ಪಿಯ ಬೆಲೆ ತಿಳಿಯುತ್ತದೆ. ಮತ್ತೆ, ಎಂಜಿನ್ ಪೈಲಟ್‌ಹೌಸ್ ನೆಲದ ಕೆಳಗೇ ಇಡುವುದಾದರೆ ಅದನ್ನು ಇಡಿಯಾಗಿ ಮೇಲೆತ್ತುವಷ್ಟು ದೊಡ್ಡ ಮುಚ್ಚಳ ನೆಲದಲ್ಲೂ ಇರಲಿ, ಮಾಳಿಗೆಯಲ್ಲೂ ಇರಲಿ. ನನ್ನ ಯಾರ್ಡಿನವರು ಮಾಳಿಗೆಯಲ್ಲಿ ಬಿಟ್ಟಿರಲಿಲ್ಲ. ಗೇರ್‌ಬಾಕ್ಸ್ ಸೀಲ್ 1,400 ರೂಪಾಯಿ, ಅದನ್ನು ಬದಲಿಸಲು ಗೋಡೆ ಕೊಯ್ದದ್ದಕ್ಕೆ 53,000.

ಬಾಗಲಕೋಟಿ_ಹಿನ್ನೀರು:
ನನ್ನ ದೋಣಿಗೆ ಕೆರಿ ಅಂದವ್ರು ಒಮ್ಮೆ ಬಂದು ಜೋರು ಗಾಳ್ಯಾಗ ನೋಡ್ರಿ. ಆಲಮಟ್ಟಿ 519.60 ಮೀಟರ್ ತುಂಬಿದ್ರ ಆಚಿ ದಂಡಿ ಮಬ್ಬು ಕಾಣತೈತಿ. 524.256ಕ್ಕ ಏರಿಸಿದ್ರ ನನ್ನ ಜೆಟ್ಟಿ ಎಲ್ಲಿ ಕಟ್ಟಬೇಕೋ ದೇವ್ರಿಗೆ ಗೊತ್ತು.

ನಿಪ್ಪಾಣಿ_ನಾವಿಕ:
ಏರಿಸ್ರಿ, ಏರಿಸ್ರಿ. ಮೊದ್ಲs ಮಳಿಗಾಲದಾಗ ನಮ್ಮ ಕಡೆ ಹೊಲ ಮುಳಗತಾವು.

ಬಾಗಲಕೋಟಿ_ಹಿನ್ನೀರು:
ಅಲ್ಲಿಂದ ಇಲ್ಲಿಗೆ ಎಷ್ಟು ದೂರ, ಎಷ್ಟು ಇಳಿಜಾರು ಅಂತ ನಕಾಶಿ ನೋಡಿ ಮಾತಾಡ್ರಿ. ನಾವು ಊರs ಬಿಟ್ಟು ನವನಗರಕ್ಕ ಹೋದವ್ರು, ಮುಳುಗಡಿ ನಮಗ ಕಲಿಸಬ್ಯಾಡ್ರಿ.

ಟಿಳಕವಾಡಿ_ಇಂಜಿನಿಯರ್:
ಅಣ್ಣಾರ, ಡ್ಯಾಮ್ ಇರ್ಲಿ. ಪೈಲಟ್‌ಹೌಸ್ ಅಲ್ಯೂಮಿನಿಯಂದು ಮಾಡ್ಸಿ ಉಕ್ಕಿನ ಡೆಕ್ಕಿಗೆ ಬೋಲ್ಟ್ ಹಾಕಿದ್ರ ಹೆಂಗ? ಹಗುರಾನೂ ಆತು, ಘಾಟಿಗೆ ಬಿಚ್ಚಾಕೂ ಬರತೈತಿ.

ಶಹಾಪುರ_ಮರದೋಣಿ:
ಎರಡು ಲೋಹ ನಡುವ ಉಪ್ಪುನೀರು ಬಿದ್ರ ಅಲ್ಯೂಮಿನಿಯಂ ಪುಡಿ ಆಗತೈತಿ. ನಡುವ ದಪ್ಪ ರಬ್ಬರ್ ಪಟ್ಟಿ, ಪ್ರತಿ ಬೋಲ್ಟಿಗೂ ನೈಲಾನ್ ಬುಶ್ ಬೇಕು. ನಾನಾದ್ರ 710 ಮಾರ್ಕಿನ ಮರೈನ್ ಪ್ಲೈವುಡ್ ಹಾಕಿ ಮ್ಯಾಲ ಫೈಬರ್ ಹೊದಸ್ತಿದ್ದೆ.

ಬಾಗಲಕೋಟಿ_ಹಿನ್ನೀರು:
ನೋಡ್ರಿ, ಕಡೀಕ ಫೈಬರಿಗೇ ಬಂದ್ರು. ಆನೋಡ್ (ದೋಣಿ ಲೋಹದ ಬದ್ಲಿ ತಾನು ಸವೆಯೂ ಲೋಹದ ತುಂಡು) ಮರೀಬ್ಯಾಡ್ರಿ, ಸಮುದ್ರಕ್ಕ ಸತುವಿಂದು. ನಮ್ಮ ಕಡೆ ಮೆಗ್ನೀಷಿಯಂ, ಸಿಹಿನೀರಿನಾಗ ಸತು ಕೆಲಸ ಮಾಡೂದಿಲ್ಲ.

ನಿಪ್ಪಾಣಿ_ನಾವಿಕ:
ಸಾಹೇಬ್ರ, ಅಲ್ಯೂಮಿನಿಯಂ ಇರ್ಲಿ, ಪ್ಲೈವುಡ್ ಇರ್ಲಿ, ಬೋಲ್ಟ್ ಅನ್ನೂದನ್ನ ಶೆಡ್ಡಿನವನ ಕಡಿಂದ ಕಾಗದದ ಮ್ಯಾಲ ಬರಿಸ್ಕೋರಿ. ಜೂನ್ ಒಂದಕ್ಕ ಮೀನುಗಾರಿಕಿ ಬಂದ್ ಆದ್ರ ಟ್ರಾಲರ್ ಎಲ್ಲಾ ದಂಡಿಗೆ ಬರತಾವು, ಜುಲೈ ಮುಗಿಯೂತನಕ ಕ್ರೇನಿನವ ನಿಮ್ಮ ಫೋನ್ ಎತ್ತೂದಿಲ್ಲ. ಇಳಿಸೂದಿದ್ರ ಏಪ್ರಿಲ್ ಒಳಗ ಇಳಿಸ್ರಿ. ನನ್ನ ಕ್ರೇನ್ ಬಿಲ್ ಬೇಕಾದ್ರ ಫೋಟೊ ಹಾಕ್ತೀನಿ. ಶಹಾಪುರದವ್ರೂ ಹತ್ತಿ ತುಂಬ್ಸಿದ ಬಿಲ್ ಹಾಕ್ಲಿ, ನೋಡೂಣು.