146–174 ಮೆಗಾಹರ್ಟ್ಸ್‌ನ ಹಳೆಯ ವೈರ್‌ಲೆಸ್ ಸೆಟ್ ಹ್ಯಾಮ್‌ಗೆ ಆಗುತ್ತದೆಯೇ?

ಪ್ರಶ್ನೆ (ಕಾರವಾರದಿಂದ): ನಮಸ್ಕಾರ ಸರ್. ಹವ್ಯಾಸಿ ರೇಡಿಯೊ (ಹ್ಯಾಮ್) ಪರವಾನಗಿ ಕೈಗೆ ಬಂದು ಎರಡು ತಿಂಗಳಾಯಿತು. ಹೊಸ ಸೆಟ್ ಕೊಳ್ಳುವ ಶಕ್ತಿ ಸದ್ಯಕ್ಕಿಲ್ಲ. ಸಾಗಣೆ ಕಂಪನಿಯೊಂದು ಅದಿರು ಲಾರಿಗಳ ಕಾಲದಲ್ಲಿ ಬಳಸುತ್ತಿದ್ದ ಮೊಟೊರೊಲಾ ಜಿಎಂ300 ವೈರ್‌ಲೆಸ್ ಸೆಟ್ ಎರಡು ಸಿಕ್ಕಿವೆ. ಮಾದರಿ ಸಂಖ್ಯೆ ನೋಡಿದವರು 146–174 ಮೆಗಾಹರ್ಟ್ಸ್‌ನದು, 25 ವ್ಯಾಟ್ ಎಂದರು. ನಮ್ಮಂಥ ಹ್ಯಾಮ್‌ಗಳಿಗೆ ಬೇಕಾದದ್ದು 144–146. ಒಳಗೆ ಯಾವ ಬಿಡಿಭಾಗ ಬದಲಿಸಬೇಕು? ಶಿರಸಿಯಲ್ಲಿರುವ ಭಾವನ ಜೊತೆ ಮಾತನಾಡಬಹುದೇ?

ಉತ್ತರ (ಶಿರಸಿಯ ರೇಡಿಯೊ ತಂತ್ರಜ್ಞ): ಬೆಸುಗೆ ಕಡ್ಡಿಯನ್ನು ಸದ್ಯಕ್ಕೆ ಮುಟ್ಟಬೇಡಿ. ಆವರ್ತನ ನಿಗದಿಗೆ ಸ್ಫಟಿಕದ ಹರಳು ಹಾಕುತ್ತಿದ್ದ ಕಾಲದಲ್ಲಿ ಪ್ರತಿ ಚಾನೆಲ್‌ಗೂ ಹೊಸ ಹರಳು ಕೊಯ್ಯಿಸಿ ತರಿಸಬೇಕಿತ್ತು. ಜಿಎಂ300ರಲ್ಲಿ ಚಾನೆಲ್‌ಗಳು ಕೂತಿರುವುದು ನೆನಪಿನ ಚಿಪ್‌ನಲ್ಲಿ. ಹೀಗಾಗಿ ನಿಮ್ಮ ಕೆಲಸದ ಮುಕ್ಕಾಲು ಪಾಲು ಕಂಪ್ಯೂಟರಿನದು.

ಚಾನೆಲ್ ಬದಲಿಸುವ ತಂತ್ರಾಂಶ ಡಾಸ್ ಕಾಲದ್ದು, ಅಂದರೆ ವಿಂಡೋಸ್‌ಗೂ ಹಿಂದಿನದು. ಈಗಿನ ವೇಗದ ಕಂಪ್ಯೂಟರಿನಲ್ಲಿ ಸೆಟ್‌ನೊಡನೆ ಅದರ ತಾಳ ತಪ್ಪುತ್ತದೆ. ಅಟ್ಟದ ಮೇಲೆ ಹಳೆಯ ಕಂಪ್ಯೂಟರ್ ಇದ್ದರೆ ಇಳಿಸಿ. ಮಧ್ಯದಲ್ಲಿ ರಿಬ್ ಎಂಬ ಪುಟ್ಟ ಪೆಟ್ಟಿಗೆಯೂ ಬೇಕು. ಸೀರಿಯಲ್ ಪೋರ್ಟಿನ ವೋಲ್ಟೇಜನ್ನು ಸೆಟ್ ತಾಳಿಕೊಳ್ಳುವ 5 ವೋಲ್ಟಿಗೆ ಇಳಿಸುವುದು ಅದರ ಕೆಲಸ. ತಂತಿ ನೇರವಾಗಿ ಜೋಡಿಸಿ ಸೆಟ್ ಸುಟ್ಟುಕೊಂಡವರು ನನ್ನ ಮೇಜಿಗೆ ಬಂದಿದ್ದಾರೆ.

ಸೆಟ್‌ನಲ್ಲಿರುವುದನ್ನು ಕಂಪ್ಯೂಟರಿಗೆ ಓದಿಸಿಕೊಂಡ ಕೂಡಲೇ ಹಳೆಯ ಮಾಲೀಕರ ಚಾನೆಲ್‌ಗಳನ್ನೆಲ್ಲ ಅಳಿಸಿ. ಆ ಆವರ್ತನ ಸರ್ಕಾರ ಅವರಿಗೆ ಕೊಟ್ಟದ್ದು, ನಿಮಗಲ್ಲ. ಅಕಸ್ಮಾತ್ ಮೈಕಿನ ಪ್ರಸಾರದ ಗುಂಡಿ ಒತ್ತಿದರೂ ತಪ್ಪು ತಪ್ಪೇ. ಅವರು ಹಾಕಿಟ್ಟ ಟೋನ್ ಬೀಗವನ್ನೂ ತೆಗೆಯಿರಿ. ಆ ಟೋನ್ ಬಾರದೆ ಧ್ವನಿವರ್ಧಕ ತೆರೆಯುವುದಿಲ್ಲ, ನೀವು ರಿಸೀವರ್ ಸತ್ತಿದೆ ಎಂದುಕೊಂಡು ಬಿಚ್ಚಲು ಕೂರುತ್ತೀರಿ.

ಈಗ 146ರ ಗಡಿ. 145ರ ಆಸುಪಾಸಿನ ಅಂಕಿ ಕೊಟ್ಟರೆ ತಂತ್ರಾಂಶ ಒಪ್ಪುವುದಿಲ್ಲ. ಶಿಫ್ಟ್ ಕೀಲಿ ಹಿಡಿದು ಅಂಕಿ ಒತ್ತಿದರೆ ಒಪ್ಪುತ್ತದೆ. ಹ್ಯಾಮ್‌ಗಳಿಗೆಲ್ಲ ಗೊತ್ತಿರುವ ಹಳೆಯ ಉಪಾಯ. ಆದರೆ ತಂತ್ರಾಂಶ ಒಪ್ಪಿತೆಂದು ಒಳಗೆ ಆವರ್ತನ ಹುಟ್ಟಿಸುವ ಆಂದೋಲಕ ಒಪ್ಪಬೇಕೆಂದಿಲ್ಲ. ಹೆಚ್ಚಿನವು ಒಂದೆರಡು ಮೆಗಾಹರ್ಟ್ಸ್ ಕೆಳಗಿಳಿದು ಅಲ್ಲಿಯೇ ನಿಲ್ಲುತ್ತವೆ. ನಿಲ್ಲದಿದ್ದರೆ ಸೆಟ್ ಬಿಡದೆ ಕೂಗುತ್ತದೆ, ಪ್ರಸಾರ ಹೊರಡುವುದಿಲ್ಲ. ಆಗ ಮಾತ್ರ ಮುಚ್ಚಳ ತೆಗೆಯುವ ಮಾತು.

ಶಕ್ತಿ ಕೊಡಲು 13.8 ವೋಲ್ಟಿನ, 10 ಆಂಪಿಯರ್ ತಡೆಯುವ ಸಪ್ಲೈ ಅಥವಾ ಕಾರಿನ ಬ್ಯಾಟರಿ. ಮೊದಲ ಸಲ ಗುಂಡಿ ಒತ್ತುವಾಗ ಆಂಟೆನಾ ಬೇಡ, ಅದರ ಜಾಗದಲ್ಲಿ 50 ಓಮಿನ ಡಮ್ಮಿ ಲೋಡ್ (ಶಕ್ತಿಯನ್ನು ಹೊರಬಿಡದೆ ಹೀರಿಕೊಳ್ಳುವ ರೋಧಕ) ಇರಲಿ.

ಭಾವನವರಿಗೂ ಪರವಾನಗಿ ಇದೆ ತಾನೇ? ಇದ್ದರೂ ಕಾರವಾರದ ಮನೆಯಿಂದ ಶಿರಸಿಯ ಮನೆಗೆ ನೇರ ಮಾತನ್ನು ನಂಬಿಕೊಳ್ಳಬೇಡಿ. ಕಾಗೆ ಹಾರಿದಂತೆ ಅಳೆದರೆ ಸುಮಾರು 80 ಕಿಲೋಮೀಟರ್, ನಡುವೆ ಘಟ್ಟ. ಇಬ್ಬರಲ್ಲಿ ಒಬ್ಬರಾದರೂ ಗುಡ್ಡ ಹತ್ತಬೇಕು.

ಪ್ರಶ್ನೆ (ಅದೇ ಕಾರವಾರದವರು): ಲಾರಿಯ ಮೇಲಿದ್ದ ಆಂಟೆನಾಗಳನ್ನೂ ಕೊಟ್ಟಿದ್ದಾರೆ. ಅವನ್ನೇ ಮಾಡಿನ ಮೇಲೆ ಹಾಕಲೇ?

ಉತ್ತರ: ಕಡ್ಡಿಯ ಉದ್ದ ಅಳೆಯಿರಿ. 160 ಮೆಗಾಹರ್ಟ್ಸ್‌ಗೆ ಕತ್ತರಿಸಿದ, ತರಂಗದ ಕಾಲು ಭಾಗದಷ್ಟು ಉದ್ದದ ಕಡ್ಡಿ ಸುಮಾರು 44 ಸೆಂಟಿಮೀಟರ್ ಇರುತ್ತದೆ, 145ಕ್ಕೆ 49 ಬೇಕು. ಗಿಡ್ಡ ಕಡ್ಡಿಗೆ ಪ್ರಸಾರ ಮಾಡಿದರೆ ಶಕ್ತಿಯ ಒಂದು ಪಾಲು ಸೆಟ್‌ಗೇ ಮರಳುತ್ತದೆ. ಹಿತ್ತಾಳೆಯ ಹೊಸ ಕಡ್ಡಿಯನ್ನು ಸ್ವಲ್ಪ ಉದ್ದವೇ ಹಾಕಿ, ಹೀಗೆ ಮರಳುವ ಶಕ್ತಿಯನ್ನು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ನೋಡುತ್ತ ಅರ್ಧರ್ಧ ಸೆಂಟಿಮೀಟರ್ ಕತ್ತರಿಸುತ್ತ ಬನ್ನಿ. ಮಾಡಿನ ಮೇಲಾದರೆ ಲಾರಿಯ ತಗಡಿನ ಬದಲಿಗೆ ಬುಡದಲ್ಲಿ ಅಷ್ಟೇ ಉದ್ದದ ನಾಲ್ಕು ಕಡ್ಡಿಗಳನ್ನು ಇಳಿಜಾರಾಗಿ ಬಿಡಬೇಕು.

ಕೇಬಲ್ಲಿನ ತುದಿಯನ್ನು ಒಂದು ಗೇಣು ಸುಲಿದು ನೋಡಿ. ಒಳಗಿನ ತಾಮ್ರದ ಹೆಣಿಗೆ ಹೊಳೆಯುತ್ತಿದ್ದರೆ ಸರಿ. ಕಪ್ಪಾಗಿದ್ದರೆ, ಹಸಿರು ಕಿಲುಬು ಹಿಡಿದಿದ್ದರೆ ಇಡೀ ಕೇಬಲ್ ಎಸೆಯಿರಿ. ನಿಮ್ಮೂರಿನ ಉಪ್ಪುಗಾಳಿಗೆ ಒಂದು ಮಳೆಗಾಲ ಸಾಕು. ಹೊಸ ಕನೆಕ್ಟರಿಗೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ.

ಪ್ರಶ್ನೆ (ತದಡಿಯಿಂದ): ನಡುವೆ ಬಾಯಿ ಹಾಕುತ್ತೇನೆ. ನಮ್ಮ ದೋಣಿಯ ಹಳೆಯ ಮರೀನ್ ವಿಎಚ್‌ಎಫ್ (ಕಡಲ ಬಳಕೆಯ) ಸೆಟ್ಟನ್ನೂ ಹೀಗೆ ಬದಲಿಸಬಹುದೇ?

ಉತ್ತರ: ಬೇಡ. ಅದರ ಚಾನೆಲ್‌ಗಳು 156ರ ಮೇಲಿನವು, ಹುಟ್ಟಿನಿಂದಲೇ ಕೂತವು. 156.8ರ ಹದಿನಾರನೇ ಚಾನೆಲ್ ಕಡಲಿನ ಅಪಾಯದ ಕರೆಗೆ ಮೀಸಲು. ಅದು ಸುಸ್ಥಿತಿಯಲ್ಲಿದ್ದರೆ ದೋಣಿಯಲ್ಲೇ ಇರಲಿ. ಹ್ಯಾಮ್ ಪರವಾನಗಿ ಹಿಡಿದು ಆ ಚಾನೆಲ್‌ಗಳಲ್ಲಿ ಮಾತನಾಡುವ ಹಾಗೂ ಇಲ್ಲ.

ಪ್ರಶ್ನೆ (ಕಾರವಾರ, ಹತ್ತು ದಿನಗಳ ಬಳಿಕ): ಸರ್, ಒಂದು ಸೆಟ್ 145ರಲ್ಲಿ ನಿಂತಿತು, ಸ್ಥಳೀಯ ಹ್ಯಾಮ್ ಒಬ್ಬರು ಉತ್ತರಿಸಿದರು. ಆದರೆ ಧ್ವನಿ ಬಾವಿಯೊಳಗಿಂದ ಬಂದಂತಿದೆ, ಸಣ್ಣಗಿದೆ ಎನ್ನುತ್ತಾರೆ. ಇನ್ನೊಂದು ನೀವು ಹೇಳಿದಂತೆ ಕೂಗುತ್ತಲೇ ಇದೆ.

ಉತ್ತರ: ಸಣ್ಣಗಿರುವುದಕ್ಕೆ ಮೈಕನ್ನು ಬೈಯಬೇಡಿ, ಚಾನೆಲ್ ಅಂತರ ನೋಡಿ. ಅಂತರ ಕಿರಿದಾದರೆ ಧ್ವನಿಯೂ ಸಣ್ಣಗಾಗುತ್ತದೆ. ಕಂಪನಿಯವರದು 12.5 ಕಿಲೋಹರ್ಟ್ಸ್ ಇದ್ದಿರಬೇಕು, ತಂತ್ರಾಂಶದಲ್ಲಿ 25ಕ್ಕೆ ಬದಲಿಸಿ. ಕೂಗುವ ಸೆಟ್ಟಿನ ಆಂದೋಲಕವನ್ನು ತುಸು ಕೆಳಗೆಳೆಯಬೇಕು. ಅದು ಮೀಟರಿಲ್ಲದೆ, ಅಂದಾಜಿನಲ್ಲಿ ಮಾಡುವ ಕೆಲಸವಲ್ಲ. ಒಳಗಿನ ಯಾವ ತಿರುಪನ್ನೂ ತಿರುಗಿಸದೆ, ಅದರದೇ ಮೈಕಿನೊಂದಿಗೆ ಕಟ್ಟಿ ತನ್ನಿ. ಬರುವಾಗ ಸರಿಯಾದ ಸೆಟ್ಟೂ ಚೀಲದಲ್ಲಿರಲಿ. ದೇವಿಮನೆ ಘಟ್ಟ ಹತ್ತಿದ ಮೇಲೆ ಒಮ್ಮೆ ಕರೆದು ನೋಡಿ, ನಾನು ಕೇಳುತ್ತಿರುತ್ತೇನೆ.